ಕೊಳ್ಳದ ಯಾತ್ರೆಯೂ ಮರಳುವ ಧರ್ಮವೂ

ಯಾತ್ರೆಗೆ ಹೊರಡುವವರು ಎಲ್ಲಿಗೆ ಹೋಗಬೇಕೆಂಬುದನ್ನು ಬಹಳವಾಗಿ ವಿಚಾರಿಸುತ್ತಾರೆ. ಎಲ್ಲಿಂದ ಮರಳಬೇಕೆಂಬುದನ್ನು ವಿಚಾರಿಸುವವರು ವಿರಳ. ಹಣವನ್ನು ವೆಚ್ಚಮಾಡಿ, ರಜೆಯನ್ನು ಪಡೆದು, ದೂರದ ದಾರಿಯನ್ನು ಸವೆಸಿ ಬಂದಮೇಲೆ ಗುರಿಯನ್ನು ಮುಟ್ಟದೆ ಹಿಂದಿರುಗುವದು ಸೋಲೇ? ಸಂಕಲ್ಪಭಂಗವೇ? ಈ ಪ್ರಶ್ನೆಯು ಮೇಲುನೋಟಕ್ಕೆ ಪ್ರವಾಸದ ಏರ್ಪಾಡಿಗೆ ಮಾತ್ರ ಸಂಬಂಧಿಸಿದಂತೆ ತೋರಿದರೂ ನಿಜವಾಗಿ ಧರ್ಮಕ್ಕೆ ಸಂಬಂಧಿಸಿದುದು. ಏಕೆಂದರೆ ಯೋಜನೆಯನ್ನು ಮಾಡುವವನು ಒಬ್ಬನು, ಅದರ ಶ್ರಮವನ್ನು ಅನುಭವಿಸುವವರು ಹಲವರು.

ಆಳಂದ, ಅಫಜಲಪುರ, ಜೇವರ್ಗಿಗಳ ಸುಶಿಕ್ಷಿತ ಮನೆತನಗಳಲ್ಲಿ ಮಗನೋ ಮಗಳೋ ಅಮೇರಿಕದಲ್ಲಿ ಉದ್ಯೋಗದಲ್ಲಿರುವದು ಈಗ ಅಪೂರ್ವವಲ್ಲ. ಮೊಮ್ಮಕ್ಕಳನ್ನು ಕಾಣಲು ಹೋದ ವೃದ್ಧ ತಾಯಿತಂದೆಗಳಿಗೆ ಆ ದೇಶದ ವಿಸ್ಮಯಗಳನ್ನು ತೋರಿಸಬೇಕೆಂದು ಮಕ್ಕಳು ಹಂಬಲಿಸುವದು ಸಹಜವೂ ಶ್ಲಾಘ್ಯವೂ ಆಗಿದೆ. ಬೇಸಿಗೆಯ ರಜೆಯಲ್ಲಿ ಯೂಟಾ ಮತ್ತು ಅರಿಝೋನಾ ರಾಜ್ಯಗಳ ಮರುಭೂಮಿಯಲ್ಲಿರುವ ರಾಷ್ಟ್ರೀಯ ಉದ್ಯಾನಗಳನ್ನು ಐದಾರು ದಿನಗಳಲ್ಲಿ ಕಾರಿನಲ್ಲಿ ಸುತ್ತಿಬರುವ ಏರ್ಪಾಡು ನಡೆಯುತ್ತದೆ. 1919ರಲ್ಲಿ ಉದ್ಯಾನಗಳಾದ ಗ್ರ್ಯಾಂಡ್ ಕ್ಯಾನಿಯನ್ ಮತ್ತು ಝಾಯನ್, 1928ರ ಬ್ರೈಸ್, 1971ರ ಆರ್ಚಸ್ - ಹೀಗೆ ದಿನಕ್ಕೊಂದು ಹೆಸರು, ಹೆಸರಿನ ಮುಂದೊಂದು ವೇಳೆ ಬರೆಯಲ್ಪಟ್ಟು ಪಟ್ಟಿಯು ಸಿದ್ಧವಾಗುತ್ತದೆ. ದಣಿದರೆ ಎಲ್ಲಿಂದ ತಿರುಗಬೇಕೆಂಬುದೊಂದನ್ನು ಬಿಟ್ಟು ಮಿಕ್ಕುದೆಲ್ಲವೂ ಆ ಪಟ್ಟಿಯಲ್ಲಿರುತ್ತದೆ.

ಕೊಳ್ಳದ ಸ್ವಭಾವವು ಬೆಟ್ಟದ ಸ್ವಭಾವಕ್ಕೆ ವಿಪರೀತವಾದುದು. ಬೆಟ್ಟವನ್ನೇರುವವನಿಗೆ ಶ್ರಮವು ಮೊದಲು. ಕಾಲು ಸೋತರೆ ಅಲ್ಲಿಂದಲೇ ತಿರುಗಿ ಸುಲಭವಾಗಿ ಇಳಿಯಬಹುದು. ಕೊಳ್ಳಕ್ಕಿಳಿಯುವವನಿಗಾದರೋ ಸುಖವು ಮೊದಲು, ಶ್ರಮವು ಕೊನೆಗೆ. ಗ್ರ್ಯಾಂಡ್ ಕ್ಯಾನಿಯನ್ ಕೊಳ್ಳವು ಕೊಲೊರಾಡೊ ನದಿಯ ಗುಂಟ ಸುಮಾರು 446 ಕಿ.ಮೀ. ಉದ್ದವಾಗಿಯೂ 1,600 ಮೀಟರುಗಳಿಗೂ ಮಿಗಿಲಾದ ಆಳವುಳ್ಳದ್ದಾಗಿಯೂ ಇದೆ. ಅದರ ದಕ್ಷಿಣದ ಅಂಚಿನಿಂದ ಹೊರಡುವ ಬ್ರೈಟ್ ಏಂಜೆಲ್ ಎಂಬ ಕಾಲುದಾರಿಯು ಸುಮಾರು 12 ಕಿ.ಮೀ. ಸಾಗಿ, 1,300 ಮೀಟರುಗಳಿಗಿಂತ ಹೆಚ್ಚು ಇಳಿದು ನದಿಯನ್ನು ಸೇರುತ್ತದೆ. ಇಳಿಯಲು ಹಿಡಿದ ಹೊತ್ತಿನ ಇಮ್ಮಡಿ ಹೊತ್ತು ಹತ್ತಲು ಬೇಕೆಂದೂ, ಒಂದೇ ದಿನದಲ್ಲಿ ನದಿಗಿಳಿದು ಮರಳುವ ಸಾಹಸವನ್ನು ಮಾಡಬಾರದೆಂದೂ ಉದ್ಯಾನದವರು ಎಚ್ಚರಿಸುತ್ತಾರೆ. ಬೇಸಿಗೆಯಲ್ಲಿ ತಳದ ಉಷ್ಣತೆಯು 38 ಡಿಗ್ರಿಗಳನ್ನು ಮೀರುವದು ಸಾಮಾನ್ಯ. ಹೀಗೆ ಪ್ರತಿಯೊಂದು ಹೆಜ್ಜೆಯೂ ಹಿತವಾಗಿ ತೋರುತ್ತ ಸಾಲವನ್ನು ಬೆಳೆಸುತ್ತದೆ. ಆ ಸಾಲವನ್ನು ತೀರಿಸುವ ಹೊತ್ತಿಗೆ ಬಿಸಿಲೇರಿ ಕಾಲು ಬತ್ತಿರುತ್ತದೆ. ಕಠೋಪನಿಷತ್ತು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರ್ಪಡಿಸಿ ಹೇಳಿದ ವಿವೇಕಕ್ಕೆ ಇದಕ್ಕಿಂತ ಸ್ಫುಟವಾದ ದೃಷ್ಟಾಂತವು ದೊರೆಯಲಾರದು.

ಇಲ್ಲಿ ಒಂದು ಆಕ್ಷೇಪವು ಬರುವದುಂಟು. ಕಲಬುರಗಿಯ ಸೀಮೆಯು ಬಿಸಿಲುನಾಡೆಂದೇ ಹೆಸರಾದುದು. 40 ಡಿಗ್ರಿಗಳ ಬೇಸಿಗೆಯಲ್ಲಿ ಬೆಳೆದವರಿಗೆ ಪರದೇಶದ ಬಿಸಿಲಿನ ಭಯವೇಕೆ? ಉತ್ತರವು ಈ ನಾಡಿನ ಹೊಲಗಳಲ್ಲಿಯೇ ಇದೆ. ಇಲ್ಲಿಯ ರೈತನು ನಸುಕಿನಲ್ಲಿ ಹೊಲಕ್ಕೆ ಹೋಗುತ್ತಾನೆ, ಹೊತ್ತು ನೆತ್ತಿಗೇರಿದಾಗ ಬೇವಿನ ನೆರಳಿಗೆ ಬರುತ್ತಾನೆ, ನೀರಿನ ಕೊಡವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುತ್ತಾನೆ. ಬಿಸಿಲುನಾಡಿನ ವಿದ್ಯೆಯು ಬಿಸಿಲನ್ನು ಎದುರಿಸುವ ವಿದ್ಯೆಯಲ್ಲ, ಬಿಸಿಲಿಗೆ ದಾರಿ ಬಿಡುವ ವಿದ್ಯೆ. ಅದನ್ನು ಊರಿನಲ್ಲಿಯೇ ಬಿಟ್ಟು ಅದರ ಅಭಿಮಾನವನ್ನು ಮಾತ್ರ ಹೊತ್ತುಕೊಂಡು ಹೋದರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯವೂ ಭೀಮೆಯ ದಂಡೆಯವರಿಗೆ ಹೊಸದಲ್ಲ. 1997ನೆಯ ಆಗಸ್ಟದಲ್ಲಿ ಅರಿಝೋನಾದ ಆಂಟಿಲೋಪ್ ಕ್ಯಾನಿಯನ್ ಎಂಬ ಇಕ್ಕಟ್ಟಾದ ಕೊಳ್ಳದೊಳಗೆ ಹನ್ನೊಂದು ಜನ ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಮರಣಹೊಂದಿದರು. ಪ್ರಳಯವನ್ನುಂಟುಮಾಡಿದ ಮಳೆಯು ಅವರ ತಲೆಯ ಮೇಲೆ ಸುರಿದುದಲ್ಲ. ಮೇಲ್ಗಡೆಯ ದೂರದ ಪ್ರದೇಶದಲ್ಲಿ ಸುರಿದುದು. ಮಹಾರಾಷ್ಟ್ರದಲ್ಲಿ ಹುಟ್ಟಿ ಹರಿದುಬರುವ ಭೀಮೆಯೂ ಹಾಗೆಯೇ ಅಲ್ಲವೇ? 2020ನೆಯ ಅಕ್ಟೋಬರದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದ ನೀರಿನಲ್ಲಿ ಇಲ್ಲಿಯ ಮಳೆಯ ನೀರಷ್ಟೇ ಅಲ್ಲದೆ ಮೇಲಿನ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿತ್ತು. ಅಮರ್ಜಾ-ಭೀಮೆಯರ ಸಂಗಮದಲ್ಲಿ ಸ್ನಾನಕ್ಕೆಂದು ಗಾಣಗಾಪುರಕ್ಕೆ ಹೋಗುವ ಭಕ್ತನು ಶ್ರದ್ಧೆಯಿಂದಲೇ ಹೋಗುತ್ತಾನೆ. ಆದರೂ ಮಳೆಗಾಲದಲ್ಲಿ ನದಿಯು ಹೇಗಿದೆಯೆಂದು ಕೇಳಿಯೇ ಹೊರಡುತ್ತಾನೆ, ರೊಟ್ಟಿಯ ಬುತ್ತಿಯನ್ನೂ ಕಟ್ಟಿಕೊಳ್ಳುತ್ತಾನೆ. ದೈವದಲ್ಲಿಯ ನಂಬಿಗೆಗೂ ಮುಂದಾಲೋಚನೆಗೂ ವಿರೋಧವಿಲ್ಲ.

ಹಾಗಾದರೆ ಯೋಜನೆಯೆಂಬುದು ಮುಂಬರುವದನ್ನು ಮುಷ್ಟಿಯಲ್ಲಿ ಹಿಡಿಯುವ ಉಪಾಯವೇ? ಅದೂ ಅಲ್ಲ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣದ ಅಂಚಿಗೂ ಉತ್ತರದ ಅಂಚಿಗೂ ಹಕ್ಕಿಯ ದಾರಿಯಲ್ಲಿ ಸುಮಾರು 16 ಕಿ.ಮೀ. ಮಾತ್ರ, ಕಾರಿನ ದಾರಿಯಲ್ಲಿ ಸುಮಾರು 345 ಕಿ.ಮೀ. ಅದಕ್ಕೂ ಮಿಗಿಲಾಗಿ, 2025ನೆಯ ಜುಲೈ ತಿಂಗಳಲ್ಲಿ ಸಿಡಿಲಿನಿಂದ ಹೊತ್ತಿದ ಕಾಡುಗಿಚ್ಚು ಉತ್ತರದ ಅಂಚಿನ ಪ್ರಸಿದ್ಧ ವಸತಿಗೃಹವನ್ನು ಸುಟ್ಟುಹಾಕಿತು. ಆ ವರ್ಷ ಅಲ್ಲಿ ತಂಗಬೇಕೆಂದು ಗೊತ್ತುಮಾಡಿಕೊಂಡವರ ಪಟ್ಟಿಗಳೆಲ್ಲವೂ ವ್ಯರ್ಥವಾದವು. ಆದುದರಿಂದ ಒಳ್ಳೆಯ ಯೋಜನೆಯು ತನ್ನೊಳಗೆ ಬರಿದಾದ ಒಂದು ದಿನವನ್ನೂ, ಬಿಟ್ಟುಬಿಡಬಹುದಾದ ಒಂದೆರಡು ಹೆಸರುಗಳನ್ನೂ ಇಟ್ಟುಕೊಂಡಿರುತ್ತದೆ. ತನಗೆ ತಿಳಿಯದ ಕಾರಣಗಳು ಜಗತ್ತಿನಲ್ಲಿವೆಯೆಂಬ ವಿನಯವೇ ಯೋಜನೆಯ ಅರ್ಧಭಾಗವು.

ಮಿಕ್ಕ ಅರ್ಧಭಾಗವು ಕರುಣೆ. ಸೂರ್ಯನ ತಾಪವನ್ನು ಉಷ್ಣಮಾಪಕವು ತಿಳಿಸುತ್ತದೆ. ದಾರಿಯ ದೂರವನ್ನು ಮೊಬೈಲಿನ ನಕಾಶೆಯು ತಿಳಿಸುತ್ತದೆ. ತಾಯಿಯ ಆಯಾಸವನ್ನು ತಿಳಿಸುವ ಯಂತ್ರವಿಲ್ಲ. ಈ ಸೀಮೆಯ ಮನೆಗಳಲ್ಲಿ ಅವ್ವನಾದವಳು ತನ್ನ ಮಂಡಿಯ ನೋವನ್ನು ಮಕ್ಕಳ ಸಂತೋಷದ ನಡುವೆ ತರುವವಳಲ್ಲ. "ನನ್ನ ಚಿಂತಿ ಬ್ಯಾಡಪ್ಪ, ನೀವು ನೋಡಿ ಬರ್ರಿ" ಎನ್ನುತ್ತಾಳೆ. ಇಲ್ಲವೆ ಏನನ್ನೂ ಅನ್ನದೆ ಹಿಂದೆ ಹಿಂದೆ ನಡೆಯುತ್ತಾಳೆ. ಮಗನು ಅದನ್ನು ಒಪ್ಪಿಗೆಯೆಂದು ಭಾವಿಸುತ್ತಾನೆ. ಮೌನವನ್ನು ಸಮ್ಮತಿಯೆಂದೆಣಿಸುವದು ವ್ಯವಹಾರದಲ್ಲಿ ಸಲ್ಲಬಹುದು. ಪರರ ದೇಹಶ್ರಮದ ವಿಷಯದಲ್ಲಿ ಸಲ್ಲದು. ನಡಿಗೆಯ ವೇಗವನ್ನು ಎಲ್ಲರಿಗಿಂತ ಅಶಕ್ತರಾದವರೇ ಗೊತ್ತುಪಡಿಸತಕ್ಕದ್ದು. "ಇನ್ನು ಸಾಕು" ಎನ್ನುವ ಅಧಿಕಾರವು, ಕಾರಣವನ್ನು ಹೇಳುವ ಹಂಗಿಲ್ಲದೆ, ಪ್ರತಿಯೊಬ್ಬರಿಗೂ ಹೊರಡುವ ಮೊದಲೇ ದೊರೆತಿರತಕ್ಕದ್ದು. ದಾರಿಯ ನಡುವೆ ಕೊಟ್ಟ ಅಧಿಕಾರವನ್ನು ಯಾವ ತಾಯಿಯೂ ಉಪಯೋಗಿಸುವದಿಲ್ಲ. ಏಕೆಂದರೆ ಆಗ ಅವಳಿಗೆ ತಾನೇ ವಿಘ್ನವಾದೆನೆಂಬ ಭಾವನೆಯುಂಟಾಗುತ್ತದೆ.

ಕೆಲವರು ದೃಢಸಂಕಲ್ಪಕ್ಕೆ ಯುಧಿಷ್ಠಿರನನ್ನು ಉದಾಹರಿಸಬಹುದು. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರೂ ಆತನು ಹಿಂದಿರುಗಿ ನೋಡಲಿಲ್ಲವಷ್ಟೆ! ಆದರೆ ಅದು ಮರಳುವದಿಲ್ಲವೆಂದು ಎಲ್ಲರೂ ತಿಳಿದೇ ಹೊರಟ ನಡಿಗೆ. ಗೃಹಸ್ಥರ ಯಾತ್ರೆಯು ಮನೆಗೆ ಮರಳಿದಾಗಲೇ ಪೂರ್ಣವಾಗತಕ್ಕದ್ದು. ಅಷ್ಟೇ ಅಲ್ಲ, ಸ್ವರ್ಗದ ಬಾಗಿಲಿಗೆ ಬಂದ ಆ ಧರ್ಮರಾಜನೇ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಒಳಗೆ ಹೋಗಲು ಒಪ್ಪಲಿಲ್ಲ. ಮುಟ್ಟಿದ ಗುರಿಯನ್ನು ಕೂಡ ಜೊತೆಗಾರನಿಗಾಗಿ ಬಿಡಲು ಸಿದ್ಧನಾದವನನ್ನು ಮರಳಬಾರದೆಂಬ ಹಟಕ್ಕೆ ಸಾಕ್ಷಿಯಾಗಿ ಕರೆಯುವದು ಹೇಗೆ?

ಮರಳುವದು ಸೋಲಲ್ಲ. ತನ್ನ ಹೆಮ್ಮೆಗಾಗಿ ಅನ್ಯರ ಪ್ರಾಣವನ್ನು ಒತ್ತೆಯಿಡದಿರುವವನೇ ಯಾತ್ರೆಯ ಯಜಮಾನನೆನಿಸಿಕೊಳ್ಳಲು ಅರ್ಹನು. ಕೊಳ್ಳದ ತಳವನ್ನು ಕಾಣದೆ, ಅಂಚಿನ ನೆರಳಿನಲ್ಲಿ ಅವ್ವನ ಪಕ್ಕದಲ್ಲಿ ಕುಳಿತು, ಸಂಜೆಯ ಬೆಳಕು ಕೆಂಪು ಬಂಡೆಗಳ ಮೇಲೆ ಇಳಿಯುವದನ್ನು ನೋಡಿ ಬಂದ ಮಗನು ಏನನ್ನೂ ಕಳೆದುಕೊಂಡಿರುವದಿಲ್ಲ. ನದಿಯು ಆ ಕೊಳ್ಳವನ್ನು ಲಕ್ಷಾಂತರ ವರ್ಷಗಳಿಂದ ಕೊರೆಯುತ್ತಲಿದೆ. ಅದು ಇನ್ನೊಂದು ಬೇಸಿಗೆಗೂ ಅಲ್ಲಿಯೇ ಇರುವದು. ಅವ್ವನು ಅಷ್ಟು ಕಾಲ ಇರುವವಳಲ್ಲ.