ಹೊಗೆಯನ್ನು ಬಡಿಸುವುದು ದಾಸೋಹವೆ?



ಹೊಸಪೇಟೆ, ಹಂಪೆಗಳ ಬಾಳೆ ಕಬ್ಬುಗಳಿಗೆ ನೀರುಣಿಸುವ ರಾಯ, ಬಸವ, ತುರ್ತು ಕಾಲುವೆಗಳೂ ಕಂಪ್ಲಿಯ ಗದ್ದೆಗಳಿಗೆ ಹರಿಯುವ ಕಾಲುವೆಯೂ ವಿಜಯನಗರದ ಅರಸರ ಕಾಲದವು. ರಾಜಧಾನಿ 1565ರಲ್ಲಿ ಹಾಳಾಯಿತು. ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಬೊಕ್ಕಸದ ಹಣವನ್ನು ಯಾವ ಬಗೆಯ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ಈ ಪ್ರಶ್ನೆ ಇಂದು ರಾಷ್ಟ್ರಗಳ ಗಡಿಯನ್ನು ದಾಟಿದೆ. ಬಡ ದೇಶಗಳಲ್ಲಿ ಕಲ್ಲಿದ್ದಲು, ತೈಲ, ಅನಿಲಗಳ ಯೋಜನೆಗಳಿಗೆ ಸರಕಾರಗಳು ತಮ್ಮ ಪ್ರಜೆಗಳ ಹಣವನ್ನು ತೊಡಗಿಸುವುದು ಧರ್ಮವೆ? 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ 30ಕ್ಕೂ ಹೆಚ್ಚು ರಾಷ್ಟ್ರಗಳು, ಕೆಲವು ವಿನಾಯಿತಿಗಳೊಡನೆ, ಅದನ್ನು ನಿಲ್ಲಿಸುವುದಾಗಿ ಸಾರಿದವು. ಭಾರತ ಅದಕ್ಕೆ ಸಹಿ ಹಾಕಲಿಲ್ಲ.

ಇದು ನಮಗೆ ದೂರದ ಮಾತೆನ್ನಬೇಡಿರಿ. ಬಾಂಗ್ಲಾದೇಶದಲ್ಲಿ, ಸುಂದರಬನದ ಸಮೀಪದ ರಾಮ್‌ಪಾಲ್‌ನಲ್ಲಿ 1320 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸುಮಾರು 160 ಕೋಟಿ ಡಾಲರ್ ಸಾಲ ಕೊಟ್ಟುದು ಭಾರತ ಸರಕಾರದ ಒಡೆತನದ ಎಕ್ಸಿಮ್ ಬ್ಯಾಂಕು. ಅಂಗಡಿಯಲ್ಲಿ ಒಂದು ಸಾಬೂನು ಕೊಳ್ಳುವ ಬಡವನೂ ಸರಕಾರಕ್ಕೆ ತೆರಿಗೆ ಸಲ್ಲಿಸುತ್ತಾನೆ. ಆದುದರಿಂದ ಆ ಸಾಲದ ಪಾಪಪುಣ್ಯಗಳಲ್ಲಿ ನಮಗೂ ಪಾಲುಂಟು.

‘ಬಡವರ ಮನೆಗೆ ದೀಪ ಬೇಡವೆ? ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಈಗ ಬಡವರಿಗೆ ವೈರಾಗ್ಯ ಬೋಧಿಸುವುದು ನ್ಯಾಯವೆ?’ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮ ಕುಡತಿನಿಯಲ್ಲಿಯೇ ಸರಕಾರಿ ಸ್ವಾಮ್ಯದ 1700 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ಬೆಳಕನ್ನು ನಾವೂ ಉಂಡವರು.

ಆದರೆ ಆ ಸಾಲದಿಂದ ಪಡೆದವನಿಗೆ ದೊರೆತುದೇನು ಎಂಬುದನ್ನು ವಿಚಾರಿಸೋಣ. ರಾಮ್‌ಪಾಲ್‌ನ ಸ್ಥಾವರ 2022ರಲ್ಲಿ ವಿದ್ಯುತ್ ಕೊಡತೊಡಗಿತು. 2023ರ ಜನವರಿಯಲ್ಲಿ, ಕಲ್ಲಿದ್ದಲು ತರಿಸಲು ಡಾಲರ್ ಸಾಲದೆ, ಅದು ನಿಂತುಹೋಯಿತು. ಸ್ಥಾವರ ನಿಂತರೆ ಸಾಲ ನಿಲ್ಲುವುದಿಲ್ಲ. ಬೆಳಕಿಗೆಂದು ಕೊಟ್ಟ ಸಾಲ ಕತ್ತಲೆಯಲ್ಲಿಯೂ ಬಡ್ಡಿ ಕೇಳುತ್ತದೆ. ಮೇಲಾಗಿ, ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಕಾದು ಸಮುದ್ರ ಏರಿದರೆ ಮೊದಲು ಮುಳುಗುವ ನೆಲಗಳಲ್ಲಿ ಬಾಂಗ್ಲಾದ ತಗ್ಗುನಾಡೂ ಒಂದು. ಒಡಲನ್ನು ಸುಡುವ ಅನ್ನವನ್ನು ಬಡಿಸಿ ‘ಹಸಿವು ತಣಿಸಿದೆ’ ಎನ್ನಬಹುದೆ?

ಲಾಭ ಹೊರಗೆ ಹೋಗಿ ಧೂಳು ಮನೆಯಲ್ಲಿ ಉಳಿಯುವುದೆಂದರೇನೆಂದು ಸಂಡೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನ ಅತ್ಯಾಶೆ ಮಿತಿಮೀರಿದಾಗ, 2011ರಲ್ಲಿ, ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಆ ಕಷ್ಟವನ್ನು ಕಂಡುಂಡವರು ಪರರ ನೆಲದಲ್ಲಿ ಅಂಥದನ್ನು ಹರಸಬಾರದು.

ಹಾಗೆಂದು ‘ಕೊಡಲಾರೆವು’ ಎಂದು ಬಾಗಿಲು ಮುಚ್ಚಿಕೊಳ್ಳುವುದು ಲೋಭ. ಕಲ್ಲಿದ್ದಲಿಗೆ ತೊಡಗಿಸುವ ಹಣ ಬೇರೆ ಬೆಳಕಿಗೆ ಸಲ್ಲಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದು 2050 ಮೆಗಾವಾಟ್‌ನ ಸೌರ ಉದ್ಯಾನವನ್ನು ಕಟ್ಟಲಾಗಿದೆ. ಬಿಸಿಲಿಗೆ ಡಾಲರ್ ಬೇಕಿಲ್ಲ. ಸೂರ್ಯ ಮುಳುಗುತ್ತಾನೆಂಬುದು ನಿಜ. ಹಗಲಿನ ಶಕ್ತಿಯನ್ನು ಇರುಳಿಗೆ ಕೂಡಿಡುವ ಏರ್ಪಾಡಿಗೆ ವೆಚ್ಚ ತಗಲುತ್ತದೆ. ಬಡ ರಾಷ್ಟ್ರಕ್ಕೆ ಒಂಟಿಯಾಗಿ ಹೊರಲಾಗದ ಹೊರೆ ಅದೇ. ನೆರೆಯವನ ಬೊಕ್ಕಸ ಹೆಗಲು ಕೊಡಬೇಕಾದುದೂ ಅಲ್ಲಿಯೇ.

ದಾಸೋಹದಲ್ಲಿ ಬಡಿಸುವವನು ಉಣ್ಣುವವನ ಹಸಿವನ್ನು ನೋಡುತ್ತಾನೆ, ತನ್ನ ಉಗ್ರಾಣದ ಸರಕು ಖರ್ಚಾಗಲೆಂದು ನೋಡುವುದಿಲ್ಲ. ನಮ್ಮ ಗುತ್ತಿಗೆದಾರರಿಗೆ ಕೆಲಸ, ನಮ್ಮ ಯಂತ್ರಗಳಿಗೆ ಗಿರಾಕಿ ಎಂದು ಲೆಕ್ಕ ಹಾಕಿ ಕೊಟ್ಟ ಸಾಲ ವ್ಯಾಪಾರವಾದೀತು. ಅದನ್ನು ಮೈತ್ರಿಯೆಂದು ಕರೆಯಲಾಗದು. ಪ್ರತಿನಿಧಿಗಳು ಮತ ಕೇಳಲು ನಿಮ್ಮ ಬಾಗಿಲಿಗೆ ಬಂದಾಗ, ‘ನಮ್ಮ ಹಣದಿಂದ ಪರರಿಗೆ ಏನನ್ನು ಬಡಿಸಿದಿರಿ?’ ಎಂದು ಕೇಳಿರಿ. ಹಾಗೆ ಕೇಳುವುದೂ ಕಾಯಕವೇ.