ಕೂಗದ ಗಂಟೆ

(ಧ್ಯಾನಕ್ಕಾಗಿ: 2 ಸಮುವೇಲ 12ನೇ ಅಧ್ಯಾಯ)



ಹಾಯಿಯಿಂದ ಸಾಗುವ ದೋಣಿಯಲ್ಲಿಯೂ ಈಗ ಬಹುಮಟ್ಟಿಗೆ ಒಂದು ಡೀಸೆಲ್ ಯಂತ್ರವಿರುತ್ತದೆ. ಗಾಳಿ ಬಿದ್ದುಹೋದಾಗಲೂ ಬಂದರಿನೊಳಗೆ ಬರುವಾಗಲೂ ಅದು ಬೇಕು. ಯಂತ್ರವು ದೋಣಿಯ ಹೊಟ್ಟೆಯಲ್ಲಿ ಮುಚ್ಚಿರುವದರಿಂದ ಚುಕ್ಕಾಣಿ ಹಿಡಿದವನು ಅದನ್ನು ಕಾಣನು. ಆದಕಾರಣ ಅವನ ಬಳಿಯಲ್ಲಿ ಒಂದು ಫಲಕವನ್ನು ನಿಲ್ಲಿಸಿ, ಎಣ್ಣೆಯ ಒತ್ತಡ, ತಂಪುನೀರಿನ ಕಾವು, ಸುತ್ತುಗಳ ಎಣಿಕೆ, ಬ್ಯಾಟರಿಯ ಬಲ ಇವುಗಳನ್ನು ತೋರಿಸುವ ಮಾಪಕಗಳನ್ನು ಕೂರಿಸುತ್ತಾರೆ. ಕಾರ್ಖಾನೆಯಿಂದ ಬಂದ ಫಲಕವು ಅನೇಕ ದೋಣಿಗಳಲ್ಲಿ ಕಾಲ ಬಳಿ ತಗ್ಗಿನಲ್ಲಿದ್ದು, ಬಿಸಿಲಿಗೆ ಮಂಕಾಗಿರುತ್ತದೆ. ಕೆಲವದರಲ್ಲಿ ಎಚ್ಚರಿಕೆಯ ದೀಪಗಳ ಹೊರತು ಮುಳ್ಳುಗಳೇ ಇಲ್ಲ. ಹೀಗಿರುವದರಿಂದ ಕೆಲವು ಯಜಮಾನರು ತಮ್ಮ ಕೈಯಿಂದಲೇ ಹೊಸ ಫಲಕವನ್ನು ಕಟ್ಟಿಕೊಳ್ಳುತ್ತಾರೆ. ಹಳ್ಳಿಯವರಾದ ನಮಗೆ ಇದು ದೂರದ ಸಂಗತಿ. ಆದರೂ ಒಳಗಿರುವ ಮನಸ್ಸಾಕ್ಷಿಯ ವಿಷಯವಾಗಿ ಇದರಿಂದ ಕಲಿಯತಕ್ಕದ್ದು ಉಂಟು.

ಹಲಗೆಯನ್ನು ಕೊಯ್ಯುವದೂ ತೂತು ಕೊರೆಯುವದೂ ಸುಲಭ. ಕಷ್ಟವೆಲ್ಲಾ ಹಿಂಭಾಗದಲ್ಲಿಯೇ. ಉಪ್ಪುಗಾಳಿಯು ಬರೀ ತಾಮ್ರದ ತಂತಿಯನ್ನು ಹೊದಿಕೆಯೊಳಗೆ ಕಪ್ಪಾಗಿಸಿ ತಿಂದುಬಿಡುತ್ತದೆ. ಹೊರಗೆ ಅದು ಹೊಸದರಂತೆಯೇ ಕಾಣುವದು. ಆದ್ದರಿಂದ ತಿಳಿದವರು ತವರ ಪೂಸಿದ ತಂತಿಯನ್ನೇ ಎಳೆಯುತ್ತಾರೆ.

ಇದಕ್ಕಿಂತ ಅಪಾಯವಾದದ್ದು ಇನ್ನೊಂದುಂಟು. ಯಂತ್ರದಲ್ಲಿ ತಿರುಪಿ ಕೂರಿಸಿದ ಸೆಂಡರ್ ಎಂಬ ಸಣ್ಣ ಉಪಕರಣವು ಎಣ್ಣೆಯ ಒತ್ತಡವನ್ನು ವಿದ್ಯುತ್ತಿನ ತಡೆಯ ರೂಪವಾಗಿ ಫಲಕಕ್ಕೆ ತಿಳಿಸುತ್ತದೆ. ಯೂರೋಪಿನ ವಾಡಿಕೆಯಲ್ಲಿ ಒತ್ತಡವಿಲ್ಲದಾಗ 10 ಓಮ್, ಪೂರ್ಣವಾದಾಗ 180 ಓಮ್. ಅಮೇರಿಕದ ವಾಡಿಕೆ ತಲೆಕೆಳಗು: ಒತ್ತಡವಿಲ್ಲದಾಗ 240, ಪೂರ್ಣವಾದಾಗ 33. ಇದನ್ನರಿಯದೆ ಯೂರೋಪಿನ ಸೆಂಡರಿಗೆ ಅಮೇರಿಕದ ಮಾಪಕವನ್ನು ಜೋಡಿಸಿದರೆ, ಎಣ್ಣೆ ಬರಿದಾದ ಹೊತ್ತಿನಲ್ಲಿಯೇ ಮುಳ್ಳು ಪೂರ್ಣ ಒತ್ತಡವನ್ನು ತೋರಿಸುವದು. ದೇವರ ವಾಕ್ಯದ ಅಳತೆಗೆ ಹೊಂದಿಸದೆ ಊರಿನ ವಾಡಿಕೆಗೆ ಹೊಂದಿಸಿಕೊಂಡ ಮನಸ್ಸಾಕ್ಷಿಯೂ ಹೀಗೆಯೇ. ವರದಕ್ಷಿಣೆಯನ್ನು ಎಣಿಸಿ ತೆಗೆದುಕೊಂಡ ದಿನವೇ ಮನೆಯಲ್ಲಿ ಸ್ತೋತ್ರದ ಕೂಟ ಮಾಡಿಸುವವನ ಮುಳ್ಳು ಎಷ್ಟು ಎತ್ತರದಲ್ಲಿ ನಿಂತಿದೆ, ನೋಡಿರಿ!

ಫಲಕದಲ್ಲಿ ಎಚ್ಚರಿಕೆಯ ಗಂಟೆಯೂ ಉಂಟು. ಕೀಲಿಕೈಯನ್ನು ತಿರುಗಿಸಿದೊಡನೆ, ಯಂತ್ರವು ಹೊರಡುವ ಮುಂಚೆ, ಎಣ್ಣೆಯ ಒತ್ತಡವಿಲ್ಲದ್ದರಿಂದ ಅದು ಕೂಗಲೇಬೇಕು; ಒತ್ತಡ ಏರಿದ ಮೇಲೆ ನಿಲ್ಲಬೇಕು. ಕಿವಿಗೆ ಅದು ಕರ್ಕಶವೇ ಸರಿ. ಸಹಿಸಲಾರದೆ ಯಾರಾದರೂ ಅದರ ತಂತಿಯನ್ನು ಕಳಚಿಬಿಟ್ಟರೆ ಏನಾಗುವದು? ಕ್ಷೇಮವಾದ ಯಂತ್ರದ ಗಂಟೆಯೂ ಸುಮ್ಮನಿರುತ್ತದೆ, ತಂತಿ ಕಳಚಿದ ಗಂಟೆಯೂ ಸುಮ್ಮನಿರುತ್ತದೆ. ನಡುಗಡಲಲ್ಲಿ ಕಿವಿಗೆ ಇವೆರಡರ ಭೇದ ತಿಳಿಯದು.

ದಾವೀದನು ಊರೀಯನನ್ನು ಕೊಲ್ಲಿಸಿದ ಮೇಲೆ ಮಗು ಹುಟ್ಟುವ ತನಕವೂ ಪಾಪವನ್ನು ಅರಿಕೆಮಾಡಿದನೆಂದು ನಾವು ಓದುವದಿಲ್ಲ. ನಾತಾನನು ಬಂದು ಬಡವನ ಕುರಿಮರಿಯ ಸಂಗತಿಯನ್ನು ಹೇಳಿದಾಗಲೋ, ಅರಸನ ಕೋಪವು ಭುಗಿಲೆಂದಿತು. ಪರರ ಯಂತ್ರದ ಮೇಲೆ ಅವನ ಮುಳ್ಳು ಎಷ್ಟು ಸರಿಯಾಗಿ ಆಡಿತು! ತನ್ನದರ ತಂತಿ ಮಾತ್ರ ಕಡಿದಿತ್ತು. ಪ್ರವಾದಿಯು ಅದನ್ನು ಒಂದೇ ಮಾತಿನಿಂದ ಕೂಡಿಸಿದನು.

ಪ್ರಿಯರೇ, ತಕ್ಕಡಿಯಲ್ಲಿ ಮೊದಲನೆಯ ಸಾರಿ ಕಡಮೆ ತೂಗಿದಾಗ ನಿಮ್ಮ ಕೈ ನಡುಗಿತಲ್ಲವೇ? ಈಗ ನಡುಗದಿದ್ದರೆ ಅದು ಸಮಾಧಾನವೋ? ತಮ್ಮನ ಪಾಲಿನ ಗದ್ದೆಯನ್ನು ತನ್ನ ಹೆಸರಿಗೆ ಬರೆಯಿಸಿಕೊಂಡವನು ಸುಖವಾಗಿ ಮಲಗುತ್ತಾನಲ್ಲಾ, ಅದು ಪಾಪಕ್ಷಮೆಯಿಂದ ಬಂದ ನಿದ್ದೆಯೋ? ಕರ್ತನಾದ ಯೇಸು ಕೊಡುವ ಸಮಾಧಾನವು ಗಂಟೆಯ ತಂತಿಯನ್ನು ಕಳಚುವಂಥದ್ದಲ್ಲ. ಆತನು ಬರಿದಾದದ್ದನ್ನು ತುಂಬಿದ ಮೇಲೆ ಗಂಟೆಯು ತಾನಾಗಿ ನಿಲ್ಲುವದು.

ಕರ್ತನ ಭೋಜನಕ್ಕೆ ಸಿದ್ಧವಾಗುವ ಮನೆಯವರು ಶನಿವಾರ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮೇಲೆ ಹೇಳಿದ ಅಧ್ಯಾಯವನ್ನೂ 139ನೇ ಕೀರ್ತನೆಯನ್ನೂ ಓದಿ, ದೀಪ ಆರಿಸುವ ಮುಂಚೆ ಸ್ವಲ್ಪ ಹೊತ್ತು ಮಾತಾಡದೆ ಕೂತಿರಲಿ. ತಮ್ಮನ ಮನೆಗೆ ಹೋಗಬೇಕಾದವನು ಭಾನುವಾರ ದೇವಾಲಯದ ಗಂಟೆ ಹೊಡೆಯುವದರೊಳಗೆ ಹೋಗಿ ಬರಲಿ.