ಸಭೆಯಲ್ಲಿ ಉತ್ತರ ಕಾಣದ ಪ್ರಶ್ನೆ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಭಗವಾನ್ ವೇದವ್ಯಾಸದೇವರು ಲೋಕಕ್ಕೆ ಅನುಗ್ರಹಿಸಿದ ಮಹಾಭಾರತವನ್ನು ಪಂಚಮವೇದವೆಂದು ನಾವು ಗೌರವಿಸುತ್ತೇವೆ. ಅದರ ನಿಜವಾದ ಅರ್ಥ ಯಾವುದೆಂಬುದನ್ನು ನಿರ್ಣಯಿಸಿಕೊಡಲೆಂದೇ ಶ್ರೀಮದಾಚಾರ್ಯರು 32 ಅಧ್ಯಾಯಗಳ ಮಹಾಭಾರತತಾತ್ಪರ್ಯನಿರ್ಣಯವನ್ನು ರಚಿಸಿದರು. ಭಾರತಕ್ಕೆ ಮೂರು ಬಗೆಯ ಅರ್ಥಗಳುಂಟೆಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ನಡೆದ ಕಥೆಯನ್ನು ತಿಳಿಸುವ ಅರ್ಥ ಒಂದು. ಧರ್ಮ, ಭಕ್ತಿ, ಜ್ಞಾನ ಮೊದಲಾದ ಗುಣಗಳನ್ನು ಬೋಧಿಸುವ ಅರ್ಥ ಮತ್ತೊಂದು. ಸಮಸ್ತ ಶಬ್ದಗಳೂ ಶ್ರೀವಿಷ್ಣುವನ್ನೇ ಸಾರುವ ಪರಮಾರ್ಥ ಮೂರನೆಯದು. ಪ್ರಸ್ತುತ ಲೇಖನದಲ್ಲಿ ಎರಡನೆಯ ಅರ್ಥವನ್ನು ಅನುಸರಿಸಿ ಸಭಾಪರ್ವದ ಒಂದು ವಿಷಯವನ್ನು ವಿಚಾರಮಾಡೋಣ.

ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಕ್ಕಳು ಆಗಾಗ ಒಂದು ಸಂದೇಹವನ್ನು ಮುಂದಿಡುತ್ತಾರೆ. ಇದು ರಾಜರ ಕಾಲದ ಗ್ರಂಥ. ಈಗ ರಾಜರಿಲ್ಲ, ಪ್ರಜೆಗಳೇ ಮತ ನೀಡಿ ಸರಕಾರವನ್ನು ರಚಿಸುತ್ತಾರೆ. ಪುಣ್ಯಕ್ಕಾಗಿ ಪಾರಾಯಣ ಮಾಡುವುದು ಸರಿ, ಆದರೆ ಲೋಕವ್ಯವಹಾರಕ್ಕೆ ಇದರಿಂದ ಏನು ಪ್ರಯೋಜನ? ಸಂದೇಹವು ಯೋಗ್ಯವಾದದ್ದೇ. ಅದನ್ನು ಗದರಿಸಿ ಅಡಗಿಸುವುದು ಹಿರಿಯರಿಗೆ ಶೋಭಿಸುವುದಿಲ್ಲ. ಸಮಾಧಾನವು ಗ್ರಂಥದಲ್ಲಿಯೇ ಇದೆ.

ಸಭಾಪರ್ವದಲ್ಲಿ ಮುಖ್ಯವಾಗಿ ಎರಡು ಸಭೆಗಳ ವರ್ಣನೆಯಿದೆ. ಮೊದಲನೆಯದು ಇಂದ್ರಪ್ರಸ್ಥದಲ್ಲಿ ಮಯನು ನಿರ್ಮಿಸಿದ ಸಭೆ. ಎರಡನೆಯದು ಹಸ್ತಿನಾಪುರದ ದ್ಯೂತಸಭೆ. ಎರಡರಲ್ಲಿಯೂ ಧರ್ಮರಾಜನು ಕುಳಿತಿದ್ದಾನೆ. ಎರಡರಲ್ಲಿಯೂ ಪ್ರಶ್ನೆಗಳು ಏಳುತ್ತವೆ. ಮೊದಲ ಸಭೆಯಲ್ಲಿ ಪ್ರಶ್ನೆಗಳನ್ನು ಆದರದಿಂದ ಕೇಳಿಸಿಕೊಂಡರು. ಎರಡನೆಯದರಲ್ಲಿ ಒಂದೇ ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮೊದಲನೆಯದರಿಂದ ರಾಜಸೂಯವಾಯಿತು, ಎರಡನೆಯದರಿಂದ ಕುರುಕುಲವೇ ನಾಶವಾಯಿತು.

ಮಯಸಭೆಗೆ ದೇವರ್ಷಿ ನಾರದರು ಬಂದರು. ಕುಶಲಪ್ರಶ್ನೆಯ ರೂಪದಲ್ಲಿಯೇ ಅವರು ಧರ್ಮರಾಜನ ಆಡಳಿತದ ಸಂಪೂರ್ಣ ತಪಾಸಣೆಯನ್ನು ನಡೆಸಿದರು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಕೈಗೊಂಡು 1966ರಲ್ಲಿ ಪೂರ್ಣಗೊಳಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಇದು ಸಭಾಪರ್ವದ ಐದನೆಯ ಅಧ್ಯಾಯ. ನೂರಕ್ಕೂ ಮೀರಿದ ಶ್ಲೋಕಗಳು ಇದರಲ್ಲಿವೆ. ಕನ್ನಡದಲ್ಲಿ ಕುಮಾರವ್ಯಾಸನೂ ತನ್ನ ಸಭಾಪರ್ವದ ಆರಂಭದಲ್ಲಿಯೇ ಈ ಪ್ರಸಂಗವನ್ನು ತಂದಿದ್ದಾನೆ.

ನಾರದರು ಕೇಳಿದ್ದೇನು? ಅರ್ಥದಿಂದ ಧರ್ಮಕ್ಕಾಗಲಿ, ಧರ್ಮದಿಂದ ಅರ್ಥಕ್ಕಾಗಲಿ, ಕಾಮದಿಂದ ಅವೆರಡಕ್ಕೂ ಆಗಲಿ ಬಾಧೆ ಬರುತ್ತಿಲ್ಲವಷ್ಟೆ ಎಂಬಲ್ಲಿಂದ ಅವರ ವಿಚಾರಣೆ ಆರಂಭವಾಗುತ್ತದೆ. ಅನಂತರ ಅವರು ನೇರವಾಗಿ ನೆಲಕ್ಕೆ ಇಳಿಯುತ್ತಾರೆ. ಬೇಸಾಯವು ಮಳೆಯೊಂದನ್ನೇ ನಂಬಿರದಂತೆ ರಾಜ್ಯದ ಭಾಗಭಾಗಗಳಲ್ಲಿ ತುಂಬಿದ ದೊಡ್ಡ ಕೆರೆಗಳಿವೆಯೆ? ರೈತನಿಗೆ ಬಿತ್ತನೆಯ ಬೀಜವೂ ಉಣ್ಣುವ ಅನ್ನವೂ ತೀರಿಹೋಗದಂತೆ ನೋಡಿಕೊಂಡು, ನೂರಕ್ಕೆ ಒಂದರಂತೆ ಬಡ್ಡಿಯಲ್ಲಿ ಅವನಿಗೆ ಸಾಲ ದೊರೆಯುತ್ತಿದೆಯೆ? ಸೈನಿಕರಿಗೆ ಅನ್ನವೂ ಸಂಬಳವೂ ಕಾಲಕ್ಕೆ ಸರಿಯಾಗಿ ಸಲ್ಲುತ್ತಿವೆಯೆ? ನಿನಗಾಗಿ ಪ್ರಾಣ ತೆತ್ತವರ ಹೆಂಡಿರನ್ನು ಪೋಷಿಸುತ್ತಿರುವೆಯಾ? ಶಿಲ್ಪಿಗಳಿಗೆ ಕನಿಷ್ಠ ನಾಲ್ಕು ತಿಂಗಳಿಗೆ ಸಾಲುವಷ್ಟು ಸಾಮಗ್ರಿಯನ್ನು ಒದಗಿಸುತ್ತಿರುವೆಯಾ? ದೂರದಿಂದ ಬರುವ ವರ್ತಕರಿಂದ ನಿಯಮಿಸಿದ ಸುಂಕವನ್ನು ಮಾತ್ರವೇ ಪಡೆಯುತ್ತಿದ್ದಾರೆಯೆ? ಕುರುಡರು, ಮೂಗರು, ಕುಂಟರು, ಬಂಧುಗಳಿಲ್ಲದವರು, ಇವರನ್ನೆಲ್ಲ ತಂದೆಯಂತೆ ಕಾಪಾಡುತ್ತಿರುವೆಯಾ?

ಅಧಿಕಾರಿಗಳ ವಿಷಯದಲ್ಲಿ ನಾರದರ ಪ್ರಶ್ನೆಗಳು ಇನ್ನೂ ತೀಕ್ಷ್ಣವಾಗಿವೆ. ಮಾಲು ಸಹಿತ ಸಿಕ್ಕಿಬಿದ್ದ ಕಳ್ಳನನ್ನು ಹಣದ ಆಸೆಯಿಂದ ಬಿಟ್ಟುಬಿಡುತ್ತಿಲ್ಲವಷ್ಟೆ? ನಿರಪರಾಧಿಯಾದ ಸಜ್ಜನನು ಕಳ್ಳನೆಂಬ ಸುಳ್ಳು ಅಪವಾದಕ್ಕೆ ಗುರಿಯಾಗಿ, ಶಾಸ್ತ್ರವರಿಯದ ಲೋಭಿಗಳ ಕೈಯಲ್ಲಿ ಸಾಯುತ್ತಿಲ್ಲವಷ್ಟೆ? ಸಿರಿವಂತನಿಗೂ ಬಡವನಿಗೂ ವ್ಯಾಜ್ಯ ಬಂದಾಗ ನಿನ್ನ ಅಮಾತ್ಯರು ಹಣಕ್ಕೆ ಮರುಳಾಗಿ ವಿಪರೀತ ತೀರ್ಪು ಕೊಡುತ್ತಿಲ್ಲವಷ್ಟೆ?

ಓದುಗರು ಗಮನಿಸಬೇಕು. ನೀರಾವರಿ, ಕೃಷಿಸಾಲ, ಸಂಬಳದ ಬಾಕಿ, ಹುತಾತ್ಮರ ಕುಟುಂಬ, ಅಂಗವಿಕಲರ ರಕ್ಷಣೆ, ಲಂಚ, ಸುಳ್ಳು ಮೊಕದ್ದಮೆ: ಇವುಗಳಲ್ಲಿ ಯಾವುದು ಇಂದಿನ ಪತ್ರಿಕೆಯಲ್ಲಿ ಕಾಣದ ವಿಷಯ? ರಾಜನಿಲ್ಲದ ಮಾತ್ರಕ್ಕೆ ಈ ಪ್ರಶ್ನೆಗಳು ಇಲ್ಲವಾಗುವುದಿಲ್ಲ. ಅವು ಆಳುವ ಸ್ಥಾನಕ್ಕೆ ಸಂಬಂಧಿಸಿದವು. ಆ ಸ್ಥಾನದಲ್ಲಿ ಕೂರುವವರನ್ನು ಈಗ ನಾವೇ ಆರಿಸುವುದರಿಂದ ನಾರದರ ಪ್ರಶ್ನೆಗಳು ಅವರನ್ನೂ ನಮ್ಮನ್ನೂ ಕೂಡಿಯೇ ಕೇಳುತ್ತವೆ.

ಈ ಪಟ್ಟಿಯಲ್ಲಿ ಮದ್ಯ, ಜೂಜು ಮೊದಲಾದ ವ್ಯಸನಗಳಿಗೆ ಆಗುವ ವೆಚ್ಚದ ಪ್ರಸ್ತಾಪವೂ ಬರುತ್ತದೆ. ಅಂದರೆ ಯಾವ ದ್ಯೂತದಿಂದ ಧರ್ಮರಾಜನು ಮುಂದೆ ಸರ್ವಸ್ವವನ್ನೂ ಕಳೆದುಕೊಂಡನೋ ಅದರ ಹೆಸರನ್ನು ನಾರದರು ಮೊದಲೇ ಎತ್ತಿದ್ದರು. ಅವನು ವಿನಯದಿಂದ ಕೇಳಿದನು, ಹಾಗೆಯೇ ನಡೆಯುವೆನೆಂದು ಒಪ್ಪಿಕೊಂಡನು. ಆದರೂ ಹಸ್ತಿನಾಪುರದ ಕರೆ ಬಂದಾಗ ಹೋದನು. ಒಮ್ಮೆ ಕೇಳಿ ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ; ಧರ್ಮನಂಥವನಿಗೂ ಮತ್ತೆ ಮತ್ತೆ ಕೇಳುವವರು ಹತ್ತಿರದಲ್ಲಿ ಇರಬೇಕು.

ಇನ್ನು ಎರಡನೆಯ ಸಭೆ. ಧರ್ಮರಾಜನು ತಮ್ಮಂದಿರನ್ನು ಸೋತನು, ತನ್ನನ್ನು ಸೋತನು, ಕೊನೆಗೆ ದ್ರೌಪದೀದೇವಿಯನ್ನು ಪಣವಾಗಿಟ್ಟು ಸೋತನು. ಅವಳನ್ನು ಕರೆತರಲು ಹೋದ ಪ್ರಾತಿಕಾಮಿಯನ್ನು ದೇವಿಯು ಒಂದು ಪ್ರಶ್ನೆಯೊಂದಿಗೆ ಹಿಂದಕ್ಕೆ ಕಳುಹಿಸಿದಳು: ದೊರೆಯು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಇದು ಅಳುವಿನ ಮಾತಲ್ಲ, ನ್ಯಾಯದ ಮಾತು. ತನ್ನನ್ನೇ ಸೋತು ದಾಸನಾದವನಿಗೆ ಮತ್ತೊಬ್ಬರನ್ನು ಪಣವಾಗಿಡುವ ಅಧಿಕಾರವೆಲ್ಲಿಯದು ಎಂಬುದು ಅದರ ತಿರುಳು. ಧರ್ಮರಾಜನು ಜೀವವಿಲ್ಲದವನಂತೆ ಸುಮ್ಮನಿದ್ದನು. ಸಭೆಗೆ ಎಳೆದು ತಂದ ಮೇಲೂ ದೇವಿಯು ಅದೇ ಪ್ರಶ್ನೆಯನ್ನು ಸಭಾಸದರ ಮುಂದೆ ಇಟ್ಟಳು.

ಭೀಷ್ಮರು ಮಾತನಾಡಿದರು, ಆದರೆ ತೀರ್ಪು ಕೊಡಲಿಲ್ಲ. ಧರ್ಮವು ಸೂಕ್ಷ್ಮವಾದುದು, ಸ್ವತ್ತಿಲ್ಲದವನು ಪರರ ಸ್ವತ್ತನ್ನು ಪಣವಾಗಿಡಲಾರನೆಂಬುದೂ ಉಂಟು, ಪತ್ನಿಯು ಪತಿಯ ಅಧೀನಳೆಂಬುದೂ ಉಂಟು, ಆದ್ದರಿಂದ ತಾನು ನಿರ್ಣಯಿಸಲಾರೆ ಎಂಬುದು ಅವರ ಮಾತಿನ ಸಾರ. ದ್ರೋಣಾದಿಗಳು ತಲೆತಗ್ಗಿಸಿ ಕುಳಿತರು. ಇವರಲ್ಲಿ ಯಾರೂ ಶಾಸ್ತ್ರವರಿಯದವರಲ್ಲ. ಓದಿದ್ದಕ್ಕೆ ಫಲವು ಶೀಲ ಮತ್ತು ಸದಾಚಾರ ಎಂದು ಮಯಸಭೆಯಲ್ಲಿ ನಾರದರು ಧರ್ಮರಾಜನಿಗೆ ಹೇಳಿದ್ದ ಮಾತನ್ನು ಇಲ್ಲಿ ಸ್ಮರಿಸಬೇಕು. ಆ ದಿನ ಹಸ್ತಿನಾಪುರದಲ್ಲಿ ವಿದ್ಯೆ ಬೇಕಾದಷ್ಟಿತ್ತು, ಅದರ ಫಲ ಮಾತ್ರ ಕಾಣಲಿಲ್ಲ.

ಹಾಗಾದರೆ ಮಾತನಾಡಿದವರು ಯಾರು? ಮೊದಲು ಭೀಮಸೇನದೇವರು. ಜೂಜುಗಾರರು ಕೂಡ ತಮ್ಮ ಮನೆಯ ಹೆಂಗಸರನ್ನು ಪಣವಾಗಿಡುವುದಿಲ್ಲವೆಂದು ಅವರು ಕ್ರೋಧದಿಂದ ನುಡಿದದ್ದು ಶತ್ರುಗಳಿಗಲ್ಲ, ಸ್ವಂತ ಅಣ್ಣನಿಗೆ. ಧನ ಹೋದುದಕ್ಕಾಗಲಿ ತಾವು ದಾಸರಾದುದಕ್ಕಾಗಲಿ ಅವರು ಕೋಪಿಸಿಕೊಳ್ಳಲಿಲ್ಲ. ನಿರಪರಾಧಿಯಾದ ದೇವಿಗೆ ಆದ ಅನ್ಯಾಯವನ್ನು ಮಾತ್ರ ಸಹಿಸಲಿಲ್ಲ. ಆಕ್ಷೇಪಣೆಯು ತನ್ನವರಿಂದಲೇ ಆರಂಭವಾಗಬೇಕೆಂಬುದಕ್ಕೆ ವಾಯುದೇವರ ಅವತಾರದ ಈ ನಡೆಗಿಂತ ಬೇರೆ ಪ್ರಮಾಣ ನಮಗೆ ಬೇಡ.

ಎರಡನೆಯವನು ವಿಕರ್ಣ. ಇವನು ಧೃತರಾಷ್ಟ್ರನ ಮಗ, ದುರ್ಯೋಧನನ ತಮ್ಮ. ಹಿರಿಯರಾರೂ ಬಾಯಿ ಬಿಡದಿರುವುದನ್ನು ಕಂಡು ಎದ್ದುನಿಂತು ತನ್ನ ತೀರ್ಮಾನವನ್ನು ಕಾರಣಗಳೊಂದಿಗೆ ಹೇಳಿದನು. ವ್ಯಸನಕ್ಕೆ ಸಿಲುಕಿದವನ ಕೃತ್ಯವು ಲೆಕ್ಕಕ್ಕೆ ಬಾರದು. ದ್ರೌಪದಿಯು ಐವರಿಗೂ ಪತ್ನಿ. ಧರ್ಮಜನು ತನ್ನನ್ನು ಸೋತ ಮೇಲೆ ಅವಳನ್ನು ಪಣವಾಗಿಟ್ಟನು. ಅದೂ ಶಕುನಿಯ ಪ್ರೇರಣೆಯಿಂದ. ಆದ್ದರಿಂದ ಅವಳನ್ನು ಗೆದ್ದಂತಾಗಲಿಲ್ಲ. ಇದನ್ನು ಕೇಳಿ ಸಭೆಯಲ್ಲಿ ದೊಡ್ಡ ಕೋಲಾಹಲವಾಯಿತು, ವಿಕರ್ಣನನ್ನು ಹೊಗಳಿದರು, ಶಕುನಿಯನ್ನು ನಿಂದಿಸಿದರು. ಆದರೆ ಕರ್ಣನು ಎದ್ದು ಹುಡುಗನೆಂದು ಜರೆದೊಡನೆ ಹೊಗಳಿದವರೆಲ್ಲ ತಣ್ಣಗಾದರು. ಒಳಗೊಳಗೆ ಒಪ್ಪುವವರು ಅನೇಕರು, ಎದ್ದು ನಿಲ್ಲುವವನು ಒಬ್ಬ.

ರೈಲ್ವೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದವನಾದ್ದರಿಂದ ಇಲ್ಲಿ ಒಂದು ದೃಷ್ಟಾಂತ ಹೇಳುತ್ತೇನೆ. ಹಳಿಯ ಮೇಲೆ ಅಪಾಯ ಕಂಡರೆ ಗಾಡಿಯನ್ನು ನಿಲ್ಲಿಸುವ ಸಂಜ್ಞೆಯನ್ನು ತೋರಿಸಲು ಮೇಲಧಿಕಾರಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಗ್ಯಾಂಗ್‌ಮನ್ ಆಗಲಿ ಗೇಟ್‌ಮನ್ ಆಗಲಿ, ಕಂಡವನೇ ಕೆಂಪು ಬಾವುಟ ತೋರಿಸಬೇಕು. ಬಾವುಟವಿಲ್ಲವೆ? ಎರಡು ಕೈಗಳನ್ನೂ ತೆರೆದು ತಲೆಯ ಮೇಲೆತ್ತಿ ನಿಲ್ಲಬೇಕು. ಎಂತಹ ಮೇಲ್ ಗಾಡಿಯಾದರೂ ಆ ಎತ್ತಿದ ಕೈಗಳಿಗೆ ನಿಲ್ಲಲೇಬೇಕು. ಸಂಜ್ಞೆ ತೋರಿಸಿದವನ ದರ್ಜೆ ಯಾವುದೆಂದು ಚಾಲಕನು ವಿಚಾರಿಸುವುದಿಲ್ಲ. ವಿಕರ್ಣನು ಎತ್ತಿದ್ದು ಅಂತಹ ಕೈಗಳನ್ನು. ಹಸ್ತಿನಾಪುರದಲ್ಲಿ ಮಾತ್ರ ಅವನ ವಯಸ್ಸನ್ನು ಎಣಿಸಿದರು, ಗಾಡಿಯನ್ನು ನಿಲ್ಲಿಸಲಿಲ್ಲ.

ಮೂರನೆಯವರು ವಿದುರರು. ಯಮಧರ್ಮನ ಅವತಾರರಾದ ಅವರು ಸಭೆಗೆ ಒಂದು ಪೂರ್ವವೃತ್ತಾಂತವನ್ನು ನೆನಪಿಸಿದರು. ಪ್ರಹ್ಲಾದರಾಜರ ಮಗನಾದ ವಿರೋಚನನಿಗೂ ಅಂಗಿರಸರ ಮಗನಾದ ಸುಧನ್ವನಿಗೂ ತಮ್ಮಲ್ಲಿ ಯಾರು ಶ್ರೇಷ್ಠರೆಂಬ ವಿವಾದ ಹುಟ್ಟಿ, ಪ್ರಾಣವನ್ನೇ ಪಣವಾಗಿಟ್ಟು ಇಬ್ಬರೂ ಪ್ರಹ್ಲಾದರ ಬಳಿಗೆ ಬಂದರು. ಮಗನ ಪ್ರಾಣದ ಪ್ರಶ್ನೆ. ಸುಮ್ಮನಿರಬಹುದೆ ಎಂಬುದನ್ನು ತಿಳಿಯಲು ಪ್ರಹ್ಲಾದರು ಕಶ್ಯಪರನ್ನು ಕೇಳಿದರು. ಕಶ್ಯಪರು ಕೊಟ್ಟ ಉತ್ತರವು ಸಭಾಧರ್ಮದ ಮೂಲಸೂತ್ರದಂತಿದೆ. ತಿಳಿದೂ ಹೇಳದವನು ವರುಣನ ಸಾವಿರ ಪಾಶಗಳಿಗೆ ಸಿಲುಕುತ್ತಾನೆ. ಅವುಗಳಲ್ಲಿ ಒಂದೊಂದು ಬಿಡುವುದಕ್ಕೂ ಒಂದೊಂದು ವರ್ಷ ಬೇಕು. ಅಧರ್ಮದ ಬಾಣ ನೆಟ್ಟ ಧರ್ಮವು ಸಭೆಗೆ ಬಂದಾಗ ಅದನ್ನು ಕೀಳದಿದ್ದರೆ ಆ ಬಾಣವು ಸಭಾಸದರಿಗೇ ನಾಟುತ್ತದೆ. ನಿಂದ್ಯವನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧಪಾಲು ಸಭೆಯ ಹಿರಿಯನಿಗೆ, ಕಾಲುಪಾಲು ಮಾಡಿದವನಿಗೆ, ಉಳಿದ ಕಾಲುಪಾಲು ಸುಮ್ಮನಿದ್ದ ಸಭಾಸದರಿಗೆ. ನಿಂದಿಸಿದರೆ ಪೂರ್ಣಪಾಪ ಮಾಡಿದವನದೇ.

ಈ ಲೆಕ್ಕವನ್ನು ಮತ್ತೊಮ್ಮೆ ಓದಬೇಕು. ಮಾಡಿದವನಿಗಿಂತ ಅಧ್ಯಕ್ಷಸ್ಥಾನದಲ್ಲಿ ಸುಮ್ಮನೆ ಕುಳಿತವನ ಪಾಲು ಇಮ್ಮಡಿ! ಪ್ರಹ್ಲಾದರು ಇದನ್ನು ಕೇಳಿ ಮಗನ ವಿರುದ್ಧವಾಗಿಯೇ ತೀರ್ಪು ಕೊಟ್ಟರು. ಅದಕ್ಕೆ ಮೆಚ್ಚಿ ಸುಧನ್ವನೇ ವಿರೋಚನನ ಪ್ರಾಣವನ್ನು ಉಳಿಸಿಕೊಟ್ಟನು. ಆ ಪ್ರಹ್ಲಾದರಾಜರೇ ಮಂತ್ರಾಲಯದ ಪ್ರಭುಗಳಾಗಿ ಬಂದರೆಂಬುದು ನಮ್ಮ ಸಂಪ್ರದಾಯದ ದೃಢವಾದ ನಂಬಿಕೆ. ಗುರುವಾರ ತಪ್ಪದೆ ರಾಯರ ದರ್ಶನ ಮಾಡುವ ನಾವು ಅವರಲ್ಲಿ ನಮ್ಮ ಮಕ್ಕಳ ಕ್ಷೇಮವನ್ನು ಬೇಡುತ್ತೇವೆ. ಮಗನಿಗಿಂತ ಸತ್ಯವು ದೊಡ್ಡದೆಂದ ಆ ಧೈರ್ಯವನ್ನೂ ಬೇಡಬೇಡವೆ?

ವಿದುರರ ಮಾತನ್ನು ಕೇಳಿಯೂ ಸಭಾಸದರು ತುಟಿ ಬಿಚ್ಚಲಿಲ್ಲ. ಕೊನೆಗೆ ಧೃತರಾಷ್ಟ್ರನ ಅಗ್ನಿಹೋತ್ರಶಾಲೆಯಲ್ಲಿ ನರಿಯು ಕೂಗಿ ಅಪಶಕುನವಾದಾಗಲೇ ಅವನು ಎಚ್ಚತ್ತು ದೇವಿಗೆ ವರಗಳನ್ನು ಕೊಟ್ಟನು. ಭಯದಿಂದ ಬಂದ ಆ ಔದಾರ್ಯವು ನಿಲ್ಲಲಿಲ್ಲ. ಮತ್ತೆ ದ್ಯೂತವಾಯಿತು, ವನವಾಸವಾಯಿತು, ಯುದ್ಧವಾಯಿತು. ದೇವಿಯ ಪ್ರಶ್ನೆಗೆ ಮಾತ್ರ ಆ ಸಭೆಯು ತೀರ್ಪು ಕೊಡದೆಯೇ ಎದ್ದಿತು.

ಸಭೆ ಎಂದರೆ ಅರಮನೆಯೇ ಆಗಬೇಕೆಂದಿಲ್ಲ. ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯೂ ಸಭೆಯೇ. ನಮ್ಮ ಕನ್ನಡ ಸಂಘ, ಮಠದ ಸೇವಾಸಮಿತಿ ಇವೂ ಸಭೆಗಳೇ. ಲೆಕ್ಕಪತ್ರವನ್ನು ಓದಿದಾಗ ಸಂದೇಹವಿದ್ದರೂ, ನಮಗೇಕೆ ನಿಷ್ಠುರ ಎಂದು ಕೈಯೆತ್ತಿ ಒಪ್ಪಿಗೆ ಸೂಚಿಸುವ ಸಜ್ಜನರು ಕಶ್ಯಪರ ಲೆಕ್ಕವನ್ನು ಸ್ಮರಿಸಬೇಕು. ಹಾಗೆಯೇ ಪ್ರಶ್ನೆ ಕೇಳಿದವನನ್ನು ವೈರಿಯೆಂದು ಭಾವಿಸುವ ಅಧ್ಯಕ್ಷರು ನಾರದರ ಮುಂದೆ ಕೈಮುಗಿದು ಕುಳಿತ ಧರ್ಮರಾಜನನ್ನು ಸ್ಮರಿಸಬೇಕು.

ಎಲ್ಲಕ್ಕಿಂತ ಹತ್ತಿರದ ಸಭೆ ನಮ್ಮ ಮನೆಯ ನಡುಮನೆಯಲ್ಲಿಯೇ ಸೇರುತ್ತದೆ. ಮದುವೆಯ ಮಾತುಕತೆಗೆ ಎರಡು ಕಡೆಯ ಹಿರಿಯರು ಕುಳಿತಿರುತ್ತಾರೆ. ವರದಕ್ಷಿಣೆಯನ್ನು ನಿಷೇಧಿಸುವ ಕಾಯ್ದೆ 1961ರಲ್ಲಿಯೇ ಬಂದಿದೆ. ಆದ್ದರಿಂದ ಆ ಶಬ್ದವನ್ನು ಯಾರೂ ಉಚ್ಚರಿಸುವುದಿಲ್ಲ. ಉಪಚಾರ, ಪದ್ಧತಿ, ಹುಡುಗನ ವಿದ್ಯಾಭ್ಯಾಸದ ಖರ್ಚು ಎಂಬ ಹೆಸರುಗಳಲ್ಲಿ ಪಣದ ಮಾತು ನಡೆಯುತ್ತದೆ. ಒಳಗಿನ ಕೋಣೆಯಲ್ಲಿ ಹುಡುಗಿಯು ಎಲ್ಲವನ್ನೂ ಕೇಳುತ್ತಿರುತ್ತಾಳೆ. ಸೋದರಮಾವನಿಗೆ ಗೊತ್ತು, ದೊಡ್ಡಪ್ಪನಿಗೆ ಗೊತ್ತು, ನಡುವೆ ನಿಂತು ಸಂಬಂಧ ಕುದುರಿಸಿದವರಿಗೂ ಗೊತ್ತು. ಆದರೆ ವಿಷಯ ಸೂಕ್ಷ್ಮವಾದುದು, ಅವರವರ ಮನೆಯ ವ್ಯವಹಾರ ಎಂದು ತಲೆತಗ್ಗಿಸಿ ಕಾಫಿ ಕುಡಿಯುತ್ತಾರೆ. ಭೀಷ್ಮರಿಗೂ ಧರ್ಮವು ಸೂಕ್ಷ್ಮವಾಗಿಯೇ ಕಂಡಿತ್ತು. ಇಂತಹ ಸಭೆಯಲ್ಲಿ ವರನ ಕಡೆಯ ಒಬ್ಬ ಹಿರಿಯರು, ಭೀಮಸೇನದೇವರಂತೆ ತಮ್ಮವರಿಗೇ, ಇದು ಸಲ್ಲದು ಎಂದು ಹೇಳಿದರೆ ಸಾಕು. ಮಾತು ಅಲ್ಲಿಗೇ ನಿಲ್ಲುವುದು. ಯುವಕನೇ ವಿಕರ್ಣನಂತೆ ಎದ್ದು ಹೇಳಿದರೆ ಇನ್ನೂ ಉತ್ತಮ. ಆಗ ಅವನನ್ನು ಹುಡುಗನೆಂದು ಕೂಡಿಸುವ ಕರ್ಣರು ನಾವಾಗಬಾರದು.

ಮುಂದಿನ ಏಕಾದಶಿಯಂದು ಅವಕಾಶ ಮಾಡಿಕೊಂಡು ಸಭಾಪರ್ವದ ಈ ಎರಡು ಪ್ರಸಂಗಗಳನ್ನು ಮನೆಯವರೆಲ್ಲ ಕುಳಿತು ಓದಬೇಕೆಂದು ವಾಚಕ ಮಹಾಶಯರಲ್ಲಿ ವಿಜ್ಞಾಪನೆ. ದ್ರೌಪದೀದೇವಿಯ ಪ್ರಶ್ನೆಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಬೇಕು. ಅವರ ಉತ್ತರವನ್ನು ನಡುವೆ ತಡೆಯದೆ ಪೂರ್ತಿಯಾಗಿ ಆಲಿಸಬೇಕು. ತಿಳಿದುದನ್ನು ತಿಳಿದಂತೆ ನುಡಿಯುವ ಧೈರ್ಯವನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮೆಲ್ಲರಿಗೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥